ಹೊಟ್ಟೆ ಸೀಳಿದ ಅಕ್ಷರ

ಆ ದಿನದ ಕ್ರಮವನ್ನು ಅವಳು ಹಿಂದಿನ ದಿನವೇ ಪೆನ್ಸಿಲಿನಲ್ಲಿ ಗೀಟು ಎಳೆದು ಬರೆದಿಟ್ಟಿದ್ದಳು. ಒಂಬತ್ತೂವರೆಗೆ ದಫ್ತರಖಾನೆಯ ಬಾಗಿಲು ತೆರೆಯುತ್ತದೆ. ಹನ್ನೆರಡರೊಳಗೆ ಮೂರನೆಯ ಕಪಾಟಿನ ಕೆಳಗಿನ ಎರಡು ಸಾಲು ಮುಗಿಯಬೇಕು. ಒಂದು ಗಂಟೆಗೆ, ಏನಾದರೂ ಸಿಕ್ಕಿದ್ದರೆ, ಅಪ್ಪನಿಗೆ ಫೋನು. ನಾಲ್ಕು ಗಂಟೆಗೆ ಅದೇ ಕಟ್ಟಡದ ಮಹಡಿಯ ಮೇಲೆ ತನಿಖಾಧಿಕಾರಿಯ ಮೇಜು. ನಾಲ್ಕರ ಕೆಳಗಿನ ಖಾನೆಯಲ್ಲಿ ಏನು ಬರೆಯಬೇಕೆಂದು ತೋಚದೆ ಅಲ್ಲೊಂದು ಅಡ್ಡಗೀಟು ಎಳೆದಿದ್ದಳು. ಲೋಹ ಪರೀಕ್ಷೆಯ ಪ್ರಯೋಗಾಲಯದಲ್ಲಿ ಅಳತೆ ಸಿಗದ ಕಡೆ ಹಾಗೆ ಎಳೆಯುವುದು ಅವಳ ಅಭ್ಯಾಸ. ಅಪ್ಪನ ಹೆಸರಿಗೆ ಬಂದ ನೋಟೀಸು ಮೂರೇ ಸಾಲಿನದು. ಸೇತುವೆ ಕಟ್ಟುವುದಕ್ಕೆ ಮುಂಚೆ ಈ ಊರಿಗೆ ಬಂದವರ ಸಂತತಿಗೆ ಮಾತ್ರ ನಿವಾಸಿಗಳ ಪಟ್ಟಿಯಲ್ಲಿ ಜಾಗವಿದೆ. ನಿಮ್ಮ ಅಜ್ಜನೆಂದು ನೀವು ತೋರಿಸಿರುವ ಕಮ್ಮಾರನು ಸೇತುವೆಯಾದ ನಾಲ್ಕು ವರ್ಷಕ್ಕೆ ಬಂದವನೆಂದು ಕಡತಗಳಿಂದ ಕಾಣುತ್ತದೆ. ಅಲ್ಲವೆಂದು ಎರಡು ತಿಂಗಳಲ್ಲಿ, ಹನ್ನೊಂದನೆಯ ತಾರೀಕಿನೊಳಗೆ, ಸಾಬೀತುಪಡಿಸದಿದ್ದರೆ ನಿಮ್ಮ, ನಿಮ್ಮ ತಂಗಿಯ, ನಿಮ್ಮ ಮಗಳ ಹೆಸರನ್ನು ತೆಗೆಯಲಾಗುವುದು ಮತ್ತು ನೀವು ಮೂವತ್ತು ದಿನಗಳಲ್ಲಿ ಊರು ಬಿಡತಕ್ಕದ್ದು. ಇವತ್ತು ಹನ್ನೊಂದು.

ನೋಟೀಸು ಬಂದ ದಿನ ಅಪ್ಪ ಅದನ್ನು ಎರಡು ಸಲ ತಿರುಗಿಸಿ ನೋಡಿ, "ಇದು ಯಾರದೋ ಕಾಗದ. ಪೋಸ್ಟಿನವನ ಕೈಗೆ ವಾಪಸು ಕೊಟ್ಟುಬಿಡು" ಎಂದಿದ್ದರು. ಅರವತ್ನಾಲ್ಕು ವರ್ಷ ಒಂದೇ ಬೀದಿಯಲ್ಲಿ ಬದುಕಿದ, ಆ ಬೀದಿಯ ಅರ್ಧದಷ್ಟು ಗೇಟುಗಳನ್ನು ತಮ್ಮ ಕೈಯಿಂದಲೇ ಬೆಸೆದು ನಿಲ್ಲಿಸಿದ ಮನುಷ್ಯನಿಗೆ ಊರು ಬಿಡತಕ್ಕದ್ದು ಎನ್ನುವ ಮಾತು ತನಗೆ ಹೇಳಿದ್ದೆಂದು ಅನ್ನಿಸಲೇ ಇಲ್ಲ. ಅನ್ನಿಸಿದ್ದು ಅಪ್ಪನ ತಂಗಿಯಾದ ಅತ್ತೆಗೆ. ಅತ್ತೆ ಅಂದಿನಿಂದ ಪಾತ್ರೆಗಳನ್ನು ಒಂದೊಂದಾಗಿ ತೊಳೆದು ಒರೆಸಿ ಪೆಟ್ಟಿಗೆಯಲ್ಲಿಡುತ್ತಿದ್ದಳು, ಬೇಕಾದಾಗ ತೆಗೆದು ಬಳಸಿ ಮತ್ತೆ ಅಲ್ಲಿಯೇ ಇಡುತ್ತಿದ್ದಳು. ಈ ಬೆಳಿಗ್ಗೆಯೂ ಬಾಗಿಲಿಗೆ ಅಡ್ಡ ನಿಂತು, "ಸತ್ತೋನನ್ನ ಹುಡುಕೋಕೆ ಎರಡು ತಿಂಗಳು ಓಡಾಡಿದೆ. ಬದುಕಿರೋ ಅಪ್ಪನ ಮುಖ ಒಂದು ಸಲ ನೋಡಿದೆಯೇನೇ? ಅರ್ಧ ಆಗಿಹೋಗಿದಾನೆ" ಎಂದಳು. ಅವಳು ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಬಗ್ಗಿದಳು. ಅಪ್ಪನ ಮುಖವನ್ನು ಅವಳು ನೋಡಿರಲಿಲ್ಲ ಎನ್ನುವುದು ನಿಜ. ನೋಡಲು ಆಗುತ್ತಿರಲಿಲ್ಲ ಎನ್ನುವುದು ಅದಕ್ಕಿಂತ ಕರಾರುವಾಕ್ಕಾದ ಮಾತು.

ಏಕೆಂದರೆ ನೋಟೀಸಿನ ಕಾರಣ ಅವಳಿಗೆ ಗೊತ್ತಿತ್ತು. ಕಡತಗಳಲ್ಲಿ ಒಂದೇ ಹೆಸರಿನ ಇಬ್ಬರು ಕಮ್ಮಾರರಿದ್ದರು. ಒಂದೇ ಹೆಸರು ಎನ್ನುವುದೂ ತಪ್ಪು. ಒಬ್ಬನ ಹೆಸರು ದ ಅಕ್ಷರದಿಂದ ಶುರುವಾಗುತ್ತಿತ್ತು, ಇನ್ನೊಬ್ಬನದು ಧ ಅಕ್ಷರದಿಂದ. ಉಳಿದದ್ದೆಲ್ಲ ಒಂದೇ. ದ ಕಮ್ಮಾರ ಬಂದದ್ದು ಸೇತುವೆಗೆ ಏಳು ವರ್ಷ ಮೊದಲು. ಧ ಕಮ್ಮಾರ ಬಂದದ್ದು ಸೇತುವೆಯಾದ ನಾಲ್ಕು ವರ್ಷಕ್ಕೆ, ರೈಲಿನಲ್ಲಿ, ಎರಡು ವರ್ಷ ಇದ್ದು, ಮೇಸ್ತ್ರಿಯೊಬ್ಬನ ಕೈ ಮುರಿದು, ಗಡಿಪಾರಾಗಿ ಹೋದ. ಅವನು ಯಾರ ಅಜ್ಜನೂ ಅಲ್ಲ. ಆದರೆ ಒಂಬತ್ತು ವರ್ಷದ ಹಿಂದೆ ನಿವಾಸಿಗಳ ಹೊಸ ಪಟ್ಟಿ ಮಾಡುವಾಗ ಅವರ ಮನೆಗೆ ಬಂದ ನಮೂನೆಯಲ್ಲಿ, 'ಮನೆಯ ಯಜಮಾನನ ಅಜ್ಜನ ಹೆಸರು' ಎನ್ನುವ ಖಾನೆಯಲ್ಲಿ, ಅಚ್ಚುಕಟ್ಟಾದ ದುಂಡು ಅಕ್ಷರದಲ್ಲಿ, ಹೆಸರು ಧ ಅಕ್ಷರದಿಂದ ಶುರುವಾಗಿತ್ತು. ಬರೆದವಳು ಅವಳು.

ಆಗ ಅವಳಿಗೆ ಹದಿನೆಂಟು. ವಿಜ್ಞಾನದ ಪದವಿಯ ಮೊದಲನೆಯ ವರ್ಷ. ಅಡುಗೆಮನೆಯ ಮೇಜಿನ ಮೇಲಿನ ಜಿಡ್ಡು ಒರೆಸಿ, ಕೆಳಗೆ ಹಳೆಯ ಪತ್ರಿಕೆ ಹಾಸಿ, ನಮೂನೆ ಬಿಡಿಸಿಟ್ಟಿದ್ದರು ಅಪ್ಪ. "ನೀನೇ ಬರಿ. ನಿನ್ನ ಅಕ್ಷರ ಮುತ್ತು ಪೋಣಿಸಿದ ಹಾಗೆ. ನಾನು ಬರೆದರೆ ಕಾಗೆ ಕಾಲು ಗುಬ್ಬಿ ಕಾಲು ಆಗತ್ತೆ" ಎಂದು, ಅಜ್ಜನ ಹೆಸರನ್ನು ತಮ್ಮ ಉಸಿರಿಲ್ಲದ ದಕಾರದಲ್ಲಿ ಹೇಳಿದರು. ಅಪ್ಪನ ಬಾಯಲ್ಲಿ ಯಾವ ಅಕ್ಷರಕ್ಕೂ ಉಸಿರಿರಲಿಲ್ಲ. ಧೂಳು ದೂಳಾಗುತ್ತಿತ್ತು, ಧೈರ್ಯ ದೈರ್ಯವಾಗುತ್ತಿತ್ತು. ಅವಳು ದ ಬರೆದಳು. ಬರೆದದ್ದನ್ನು ನೋಡಿದಳು. ಶಾಲೆಯ ಕರಿಹಲಗೆ ಕಣ್ಣ ಮುಂದೆ ಬಂತು. ಏಳನೆಯ ತರಗತಿಯಲ್ಲಿ ಹಲಗೆಯ ಮೇಲೆ ಒಂದು ವಾಕ್ಯ ಬರೆಯಲು ಕರೆದ ಮೇಷ್ಟ್ರ ಎದುರು ಅವಳು 'ವಿದ್ಯೆಯೇ ನಿಜವಾದ ದನ' ಎಂದು ಬರೆದಿದ್ದಳು. ಮೇಷ್ಟ್ರು ತರಗತಿಯ ಕಡೆ ತಿರುಗಿ, "ಹಾಗಾದರೆ ಇದನ್ನು ಹಿತ್ತಲಲ್ಲಿ ಕಟ್ಟಿ ಹುಲ್ಲು ಹಾಕಬೇಕು" ಎಂದರು. ನಲವತ್ತು ಮಕ್ಕಳು ನಕ್ಕರು. "ಹೊಟ್ಟೆ ಸೀಳಮ್ಮಾ, ಹೊಟ್ಟೆ ಸೀಳು" ಎಂದು ಮೇಷ್ಟ್ರು ಸೀಮೆಸುಣ್ಣವನ್ನು ಅವಳ ಕೈಗೆ ಮತ್ತೆ ಕೊಟ್ಟರು. ಅವಳು ದ ಅಕ್ಷರದ ಹೊಟ್ಟೆಯಲ್ಲಿ ಒಂದು ಗೀಟು ಎಳೆದಳು. ದನ ಧನವಾಯಿತು. ಆ ವರ್ಷವೆಲ್ಲ ಹುಡುಗಿಯರು ಅವಳ ಬೆನ್ನ ಹಿಂದೆ ಅಂಬಾ ಎಂದರು. ಅಂದಿನಿಂದ ಎಲ್ಲಿ ಅನುಮಾನ ಬಂದರೂ ಅವಳು ಸೀಳಿಬಿಡುತ್ತಿದ್ದಳು. ಉಸಿರು ಹೆಚ್ಚಾದರೆ ಓದಿದವರ ತಪ್ಪು, ಕಡಿಮೆಯಾದರೆ ಓದದವರ ತಪ್ಪು. ಅಡುಗೆಮನೆಯ ಮೇಜಿನ ಮೇಲೆಯೂ ಅದೇ ಆಯಿತು. ಹೀಗೆ ಬರೆದರೆ ಬರಹ ಬಾರದ ಮನೆ ಅಂದ್ಕೋತಾರೆ ಅಪ್ಪ, ಹೊಟ್ಟೆ ಸೀಳಬೇಕು, ಎಂದಳು. "ಹೌದಾ? ಹಾಗಾದರೆ ಸೀಳು. ದೈರ್ಯವಾಗಿ ಬರಿ" ಎಂದರು ಅಪ್ಪ. "ದೈರ್ಯ ಅಲ್ಲಪ್ಪಾ, ಧೈರ್ಯ." "ಅದೇ. ದ್ಹ್ಹೈರ್ಯ" ಎಂದು ಅವರು ಊದುಗೊಳವೆ ಊದುವವರಂತೆ ಎದೆಯಿಂದ ಉಸಿರು ತಳ್ಳಿ ನಕ್ಕರು. ಅವಳೂ ನಕ್ಕಳು. ಗೀಟಿನ ಉದ್ದ ಎರಡು ಮಿಲಿಮೀಟರು ಇದ್ದಿರಬಹುದು.

ಎರಡು ತಿಂಗಳಿನಿಂದ ಅವಳು ಆ ಎರಡು ಮಿಲಿಮೀಟರನ್ನು ಯಾರಿಗೂ ಹೇಳದೆ ದಫ್ತರಖಾನೆಯಲ್ಲಿ ಕೂತಿದ್ದಳು. ಅಪ್ಪನಿಗೆ ಆ ಸಂಜೆಯ ಮಾತು ನೆನಪಿರಲಾರದು ಎಂಬ ನಂಬಿಕೆಯೊಂದು ಅವಳಿಗಿತ್ತು. ಅದು ನಂಬಿಕೆಯೋ ಬಯಕೆಯೋ ಎಂದು ಬಿಡಿಸಿ ನೋಡುವ ಧೈರ್ಯವಿರಲಿಲ್ಲ. ದಫ್ತರಖಾನೆಯ ಮುದುಕ ಬೀಗದ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಪಾಟು ತೆರೆದುಕೊಟ್ಟ. "ಬಂದೆಯಾ ತಾಯಿ? ನಿನ್ನ ಮುತ್ತಜ್ಜ ಬದುಕಿದ್ದಾಗ ಅವನನ್ನ ಇಷ್ಟು ಯಾರೂ ಹುಡುಕಿರಲಿಕ್ಕಿಲ್ಲ."

"ಇವತ್ತು ಕೊನೇ ದಿನ."

"ಸತ್ತೋರಿಗೆ ಕೊನೇ ದಿನ ಅಂತ ಇರಲ್ಲಮ್ಮ. ಅವರದ್ದು ಮುಗಿದಿರತ್ತೆ, ಆರಾಮಾಗಿ ಇರ್ತಾರೆ. ಬದುಕಿರೋರದ್ದೇ ಪರದಾಟ." ಅವನು ಸ್ಟೂಲು ಎಳೆದು ಕೊಟ್ಟು, ಅದರ ಒಂದು ಕಾಲಿನ ಕೆಳಗೆ ಮಡಿಸಿದ ರಟ್ಟು ಇಟ್ಟ. ಆ ರಟ್ಟನ್ನು ಅವಳು ಮೊದಲ ದಿನವೇ ಕೇಳಿದ್ದಳು; ಅಂದಿನಿಂದ ತಪ್ಪದೆ ಇಡುತ್ತಿದ್ದ.

ಇಲ್ಲಿಯವರೆಗೆ ಸಿಕ್ಕಿದ್ದು ಆರು ನಮೂದು. ಮೊದಲನೆಯದು ದೋಣಿಕಟ್ಟೆಯದು: ಗಂಡಸು, ಒಂಟಿ, ಅಂದಾಜು ಇಪ್ಪತ್ತೆರಡು, ಈ ಊರಿನ ಮಾತು ಬಾರದು, ಸಾಮಾನು ಕಂಬಳಿ ಒಂದು, ಇಕ್ಕಳ ಒಂದು. ಒಬ್ಬ ಮನುಷ್ಯ ದೇಶ ಬಿಟ್ಟು ಬರುವಾಗ ಸುತ್ತಿಗೆಯನ್ನು ಬಿಟ್ಟು ಇಕ್ಕಳ ತಂದದ್ದು ಏಕೆಂದು ಅವಳು ಒಂದು ವಾರ ಯೋಚಿಸಿದ್ದಳು. ಸುತ್ತಿಗೆ ಎಲ್ಲಿಯಾದರೂ ಸಿಗುತ್ತದೆ. ಇಕ್ಕಳ ಮಾತ್ರ ಹಿಡಿದವನ ಬೆರಳಿನ ಅಗಲಕ್ಕೆ ಬಾಗಿರುತ್ತದೆ ಎಂದು ಅಪ್ಪ ಹೇಳಿದ್ದರು. ಎರಡನೆಯದು ಸೇತುವೆ ಕೆಲಸದ ಹಾಜರಿ: ರಿವೆಟ್ಟು ಕಾಯಿಸುವವನು, ಹೆಬ್ಬೆಟ್ಟು. ಸೇತುವೆಗೆ ಮುಂಚೆ ಬಂದಿದ್ದನೋ ಇಲ್ಲವೋ ಎಂದು ಈಗ ಕೇಳಲಾಗುತ್ತಿದ್ದ ಮನುಷ್ಯ ಆ ಸೇತುವೆಯ ರಿವೆಟ್ಟುಗಳನ್ನು ಕಾಯಿಸಿದ್ದ. ಹಾಜರಿಯಲ್ಲಿ ಒಂದು ವಾರ ಅವನ ಹೆಸರಿನ ಮುಂದೆ ಏನೂ ಇರಲಿಲ್ಲ, ಮುಂದಿನ ವಾರ ಆಸ್ಪತ್ರೆಯ ಪುಸ್ತಕದಲ್ಲಿ ಅವನಿದ್ದ: ಎಡಗಿವಿ, ರಕ್ತ, ಇನ್ನು ಕೇಳಿಸದು. ಆ ಸಾಲನ್ನು ಓದುವಾಗ ಅವಳಿಗೆ ಅಪ್ಪನ ಎಡಗಿವಿ ನೆನಪಾಯಿತು. ವೆಲ್ಡಿಂಗು ಅಂಗಡಿಯಲ್ಲಿ ತಗಡು ಬಡಿದು ಬಡಿದು ಅದೂ ಹೋಗಿತ್ತು. ಮನೆಯಲ್ಲಿ ಎಲ್ಲರೂ ಅಪ್ಪನ ಬಲಕ್ಕೆ ಕೂತು ಮಾತಾಡುತ್ತಿದ್ದರು. ನಾಲ್ಕನೆಯದು ಅಕ್ಕಪಕ್ಕದವರ ದೂರು: ಸದರಿ ಪರದೇಶಿಯು ಸೂರ್ಯೋದಯಕ್ಕೆ ಮುನ್ನ ಕಬ್ಬಿಣ ಬಡಿಯುತ್ತಾನೆ, ಹೇಳಿದರೆ ಕೇಳುವುದಿಲ್ಲ. ಕೇಳುವುದಿಲ್ಲ ಎನ್ನುವುದರ ಕೆಳಗೆ ಯಾವನೋ ಗುಮಾಸ್ತ ಕೆಂಪು ಗೆರೆ ಎಳೆದಿದ್ದ. ಆರು ನಮೂದುಗಳಲ್ಲಿ ಮೊದಲೆರಡು ಬಿಟ್ಟರೆ ಅವನು ಕಾಣಿಸಿಕೊಂಡದ್ದು ಯಾರಿಗಾದರೂ ತೊಂದರೆಯಾದಾಗ ಮಾತ್ರ. ನಡುವಿನ ವರ್ಷಗಳಲ್ಲಿ ಅವನು ಸುಮ್ಮನೆ ಕೆಲಸ ಮಾಡಿಕೊಂಡಿದ್ದನೆಂದು ತರ್ಕಿಸಬೇಕಾಗಿತ್ತು. ಎಲ್ಲ ನಮೂದುಗಳಲ್ಲೂ ಹೆಸರು ದ. ಇವನೇ ನಮ್ಮವನು ಎನ್ನುವುದಕ್ಕೆ ಮಾತ್ರ ಆರರಲ್ಲಿ ಒಂದೂ ಸಾಕ್ಷಿಯಾಗುತ್ತಿರಲಿಲ್ಲ. ಎರಡು ತಿಂಗಳು ಹುಡುಕಿ ಅವಳು ಸಾಬೀತುಪಡಿಸಿದ್ದು ಇಷ್ಟೇ: ಆ ಒಳ್ಳೆಯ ಕೆಲಸಗಾರ ಬೇರೆ ಯಾರದೋ ಮುತ್ತಜ್ಜ.

ಹನ್ನೊಂದೂ ಇಪ್ಪತ್ತಕ್ಕೆ ಕೆಳಗಿನ ಸಾಲಿನಿಂದ ತೆಗೆದ ಪುಸ್ತಕ ಉಳಿದವುಗಳಿಗಿಂತ ಕಿರಿದಾಗಿ, ದಪ್ಪ ಕಾಗದದ್ದಾಗಿತ್ತು. ಹೊರಗೆ ಏನೂ ಬರೆದಿರಲಿಲ್ಲ. ಒಳಗೆ ಸಾಲು ಸಾಲಾಗಿ ಕಪ್ಪು ಮುದ್ರೆಗಳು: ಮೀನು, ಚಂದ್ರ, ಅಡ್ಡ ಮಾಡಿದ ಎರಡು ಗೆರೆ, ಅಕ್ಷರಗಳು. ಒಂದೊಂದರ ಮುಂದೆ ಒಬ್ಬೊಬ್ಬನ ಹೆಸರು. "ಓ, ಇದಾ" ಎಂದ ಮುದುಕ ಅವಳ ಹೆಗಲ ಮೇಲಿಂದ ಬಗ್ಗಿ. "ಆಗೆಲ್ಲ ಕತ್ತಿ ಕುಡುಗೋಲು ಮಾಡೋರು ತಮ್ಮ ಅಚ್ಚನ್ನ ತಂದು ಇಲ್ಲಿ ಮಸಿ ಹಚ್ಚಿ ಒತ್ತಿ ಹೋಗಬೇಕಿತ್ತಂತೆ. ಯಾವನಾದ್ರೂ ಯಾರಿಗಾದ್ರೂ ಇರಿದರೆ, ಯಾರ ಕುಲುಮೆಯ ಕತ್ತಿ ಅಂತ ಗೊತ್ತಾಗಲಿ ಅಂತ." ನಲವತ್ತೊಂದನೆಯ ಮುದ್ರೆ ಒಂದು ವೃತ್ತ, ಒಳಗೆ ದ. ಮುಂದೆ ಹೆಸರು, ಹೆಬ್ಬೆಟ್ಟು, ಸೇತುವೆಗೆ ಒಂದು ವರ್ಷ ಹಿಂದಿನ ತಾರೀಕು. ವೃತ್ತದ ಎಡ ಕೆಳಭಾಗದಲ್ಲಿ ಗೆರೆ ಕಡಿದಿತ್ತು, ಅಚ್ಚಿನ ಅಂಚು ಅಲ್ಲಿ ಒಡೆದಿದ್ದಿರಬೇಕು. ಅವಳ ಹೆಬ್ಬೆರಳಿನ ತುದಿ ತಾನಾಗಿ ಬೆಚ್ಚಗಾಯಿತು. ಆ ಕಡಿತ ಅವಳಿಗೆ ಗೊತ್ತಿತ್ತು. ಐದು ವರ್ಷದವಳಾಗಿದ್ದಾಗ ಅಪ್ಪನ ಅಂಗಡಿಯ ಮೂಲೆಯಲ್ಲಿ ಕೂತು, ಗೋಡೆಗೆ ನೇತುಹಾಕಿದ್ದ ಉದ್ದನೆಯ ಕಪ್ಪು ಇಕ್ಕಳದ ಹಿಡಿಕೆಯ ಮೇಲಿನ ಉಂಗುರದಂಥ ಗುರುತಿನಲ್ಲಿ ಬೆರಳು ಓಡಿಸುತ್ತಿದ್ದಳು. ಓಡುತ್ತ ಓಡುತ್ತ ಬೆರಳು ಒಂದು ಕಡೆ ಎಡವುತ್ತಿತ್ತು. ಆ ಎಡವುವ ಜಾಗ ಇದು. ಇಕ್ಕಳ ಈಗಲೂ ಇತ್ತು, ಅಂಗಡಿ ಮುಚ್ಚಿದ ಮೇಲೆ ಅಪ್ಪ ಅದನ್ನು ಮನೆಯ ಅಟ್ಟದಲ್ಲಿಟ್ಟಿದ್ದರು. ಒಡೆದ ಅಚ್ಚು ಲೋಕದಲ್ಲಿ ಒಂದೇ ಇರಲು ಸಾಧ್ಯ. ದ ಕಮ್ಮಾರನ ಅಚ್ಚಿನ ಇಕ್ಕಳ ಅಪ್ಪನ ಅಟ್ಟದಲ್ಲಿದ್ದರೆ ಅಪ್ಪ ದ ಕಮ್ಮಾರನ ಮೊಮ್ಮಗ. ಇಷ್ಟು ಸರಳವಾದ ಸಮೀಕರಣವನ್ನು ಬರೆದು ಅವಳಿಗೆ ಎಷ್ಟೋ ದಿನವಾಗಿತ್ತು. ತನ್ನ ಗೀಟನ್ನು ಕೈತಪ್ಪು ಎಂದು ಹೇಳಿ ಮುಗಿಸಬಹುದು. ಅಪ್ಪನಿಗೆ ತಿಳಿಯಬೇಕಾದದ್ದೂ ಇಲ್ಲ. ಮನಸ್ಸು ಅಷ್ಟು ಬೇಗ ಅಲ್ಲಿಗೆ ಹೋದದ್ದಕ್ಕೆ ಅವಳಿಗೆ ತನ್ನ ಬಗ್ಗೆಯೇ ಅಸಹ್ಯವಾಯಿತು, ಸಂತೋಷ ಮಾತ್ರ ಕಡಿಮೆಯಾಗಲಿಲ್ಲ.

ಒಂದು ಗಂಟೆಯವರೆಗೆ ಕಾಯದೆ ಜಗಲಿಗೆ ಬಂದು ಫೋನು ಮಾಡಿದಳು. "ಅಪ್ಪಾ, ಇಕ್ಕಳ ತಗೊಂಡು ಬಾ. ಅಟ್ಟದ ಮೇಲಿರೋ ಇಕ್ಕಳ."

"ಮಕ್ಕಳಾ? ಯಾರ ಮಕ್ಕಳು?"

"ಇಕ್ಕಳ! ಇಕ್ಕಳ!" ಎಂದು ಅವಳು ಕಿರುಚಿದಳು. ಸಾಲಿನಲ್ಲಿ ಕಾಗದ ಹಿಡಿದು ನಿಂತಿದ್ದವರೆಲ್ಲ ತಿರುಗಿ ನೋಡಿದರು. ಆ ಸಾಲಿನಲ್ಲಿ ನಿಂತವರಿಗೂ ಅವಳಂತೆಯೇ ಯಾವುದೋ ಅಜ್ಜನೋ ಅಜ್ಜಿಯೋ ಕಳೆದುಹೋಗಿದ್ದರು. ಒಬ್ಬ ಹೆಂಗಸು ಕನಿಕರದಿಂದ, "ನಿಧಾನಕ್ಕೆ ಹೇಳಮ್ಮ, ಮುದುಕರು ಗಾಬರಿ ಬೀಳ್ತಾರೆ" ಎಂದಳು. ಅಷ್ಟರಲ್ಲಿ ಅತ್ತೆ ಫೋನು ಕಿತ್ತುಕೊಂಡಿದ್ದಳು. "ಏನೇ ಅದು ಅರಚಾಟ? ಇಕ್ಕಳ ತಾನೆ? ಹತ್ತಿಸ್ತೀನಿ ಅಟ್ಟಕ್ಕೆ. ಬಿದ್ದು ಸೊಂಟ ಮುರಕೊಂಡ್ರೆ ನಿನ್ನ ಪಟ್ಟಿಯವರು ಬಂದು ಎತ್ತುತಾರಾ?"

ಎರಡೂವರೆಗೆ ಅಪ್ಪ ಬಂದರು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು, ಕಂಕುಳಲ್ಲಿ ಅತ್ತೆಯ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಉದ್ದನೆಯ ಗಂಟು. ಜಗಲಿಯ ಕಲ್ಲುಬೆಂಚಿನ ಮೇಲೆ ಕೂತು, ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಬಿಚ್ಚಿದರು. ಅವಳು ಮೊದಲು ವೃತ್ತವನ್ನು ನೋಡಿದಳು. ಕಡಿತ ಇತ್ತು, ಎಡಕ್ಕೆ, ಕೆಳಗೆ, ಸರಿಯಾಗಿ ಅಲ್ಲಿಯೇ. ಆಮೇಲೆ ಒಳಗಿನ ಅಕ್ಷರವನ್ನು ನೋಡಿದಳು. ಅಕ್ಷರ ಧ ಆಗಿತ್ತು. ಹೊಟ್ಟೆ ನಡುವಿಗೆ ನೇರವಾಗಿ, ಆಳವಾಗಿ, ಅಚ್ಚುಕಟ್ಟಾಗಿ ಸೀಳಿತ್ತು.

"ಇದು... ಇದು ಮೊದಲು ಹೀಗಿರಲಿಲ್ಲ."

"ಎಲ್ಲಿರತ್ತೆ?" ಎಂದರು ಅಪ್ಪ, ಕಣ್ಣಿನ ಸುತ್ತ ನೆರಿಗೆಗಳೆಲ್ಲ ಎದ್ದು. "ನೀನು ಹೇಳಿದೆಯಲ್ಲ ಅವತ್ತು, ಹೊಟ್ಟೆ ಸೀಳಬೇಕು, ಇಲ್ಲದಿದ್ರೆ ಬರಹ ಬಾರದ ಮನೆ ಅಂದ್ಕೋತಾರೆ ಅಂತ. ನನಗೆ ರಾತ್ರಿಯೆಲ್ಲ ಅದೇ ಯೋಚನೆ. ಅಜ್ಜನಿಗೇನು ಗೊತ್ತಿತ್ತು ಪಾಪ? ಊರಿಗೆ ಹೊಸಬ. ಯಾವನೋ ಬೋರ್ಡು ಬರೆಯೋನು ಕೆತ್ತಿಕೊಟ್ಟ, ಇವನು ಹೊಡಕೊಂಡ. ಜೀವಮಾನ ಪೂರ್ತಿ ತಪ್ಪು ಅಕ್ಷರ ಹೊಡೆದಿದಾನೆ. ನಾಳೆ ನೀನು ದೊಡ್ಡ ಓದು ಓದಿ ಬಂದಾಗ ಗೋಡೆ ಮೇಲೆ ತಪ್ಪು ನೇತಾಡ್ತಿರಬಾರದು ಅಂತ, ಮಾರನೇ ದಿನವೇ ಚಾಣ ತಗೊಂಡು ಕೂತೆ. ಒಂದೇ ಏಟು. ನೋಡು, ನೇರ ಇದೆಯೋ ಇಲ್ವೋ? ನಿನ್ನ ಸ್ಕೇಲು ಇಟ್ಟು ನೋಡು."

ನೇರವಾಗಿತ್ತು. ಅವಳು ಕೈಚೀಲದಿಂದ ಪ್ರಯೋಗಾಲಯದ ಮಸೂರ ತೆಗೆದು ಇಕ್ಕಳದ ಮೇಲೆ ಬಗ್ಗಿದಳು, ಮುಖ ಮರೆಸಿಕೊಳ್ಳಲು ಬೇರೆ ಉಪಾಯವಿರಲಿಲ್ಲ. ಮಸೂರದೊಳಗೆ ದ ಒಂದು ಕೆರೆಯಷ್ಟು ದೊಡ್ಡದಾಯಿತು. ಅದರ ಅಂಚುಗಳು ದುಂಡಗಿದ್ದವು, ಕಾದ ಕಬ್ಬಿಣದ ಮೇಲೆ ಏಟು ಬಿದ್ದಾಗ ಲೋಹ ಮೆತ್ತಗೆ ಸರಿದು ಜಾಗ ಕೊಟ್ಟ ಹಾಗೆ. ತಳದಲ್ಲಿ ಕುಲುಮೆಯ ಬೆಂಕಿ ಕಟ್ಟಿದ ಕರಿ ಪದರ ಇನ್ನೂ ಗಟ್ಟಿಯಾಗಿತ್ತು. ಸೀಳು ಹಾಗಿರಲಿಲ್ಲ. ತಣ್ಣನೆಯ ಕಬ್ಬಿಣ ಜಾಗ ಕೊಡದೆ ಎರಡೂ ಪಕ್ಕಕ್ಕೆ ಸಿಪ್ಪೆಯಂತೆ ಎದ್ದಿತ್ತು, ತಳದಲ್ಲಿ ಕರಿ ಪದರವಿಲ್ಲದೆ ತೆಳುವಾದ ಕೆಂಪು ತುಕ್ಕು ಮಾತ್ರ ಇತ್ತು. ಮುತ್ತಜ್ಜ ಹೊಡೆದದ್ದು, ಅಪ್ಪ ಸೀಳಿದ್ದು, ನಡುವೆ ನೂರು ವರ್ಷ, ಎಲ್ಲ ಒಂದು ಹೆಬ್ಬೆರಳಿನ ಅಗಲದಲ್ಲಿ. ಅವಳು ನಮೂನೆಯ ಮೇಲೆ ಎಳೆದದ್ದು ಮಸಿಯ ಗೀಟು. ಇದು ಅದರದೇ ಪ್ರತಿ, ಕಬ್ಬಿಣದಲ್ಲಿ.

"ಯಾಕೆ, ಆಗಲ್ವಾ?" ಎಂದರು ಅಪ್ಪ.

"ಪುಸ್ತಕದಲ್ಲಿ ದ ಇದೆ ಅಪ್ಪ. ಸೀಳಿಲ್ಲದ್ದು."

ಅಪ್ಪನ ಕೈ ಚುರುಕಾಯಿತು. "ಅಷ್ಟೇ ತಾನೆ? ಮುಚ್ಚಿಬಿಡ್ತೀನಿ. ಪಕ್ಕದ ಸೈಕಲ್ ಅಂಗಡಿಯವನ ಹತ್ರ ಸುತ್ತಿಗೆ ಇರತ್ತೆ. ಎರಡೂ ಕಡೆಯಿಂದ ನಾಲ್ಕು ಏಟು ಒಳಕ್ಕೆ ಬಡಿದರೆ ಕೂಡಿಕೊಳ್ಳತ್ತೆ. ಮೇಲೆ ಒಂಚೂರು ಮಸಿ. ಯಾರಪ್ಪನಿಗೂ ಗೊತ್ತಾಗಲ್ಲ." ಅವರು ಎದ್ದೇಬಿಟ್ಟಿದ್ದರು. ಅವಳು ಅಂಗಿಯ ತುದಿ ಹಿಡಿದು ಕೂರಿಸಿದಳು. ಮುಚ್ಚಬಹುದು ಎನ್ನುವುದು ನಿಜ. ಇಪ್ಪತ್ತು ನಿಮಿಷದ ಕೆಲಸ. ಆ ಇಪ್ಪತ್ತು ನಿಮಿಷವನ್ನು ಅವಳು ಮನಸ್ಸಿನಲ್ಲಿ ಪೂರ್ತಿಯಾಗಿ ಬದುಕಿದಳು, ಸುತ್ತಿಗೆಯ ಸದ್ದು ಸಮೇತ. ಬೇಡ ಎನ್ನುವುದಕ್ಕೆ ಅವಳ ಬಳಿ ಇದ್ದ ಕಾರಣ ಸತ್ಯದ ಮೇಲಿನ ಗೌರವವಾಗಿರಲಿಲ್ಲ. ಹೊಸ ಏಟಿನ ಗುರುತು ಮಸಿಯ ಕೆಳಗೂ ಹೊಳೆಯುತ್ತದೆ, ತನ್ನಂಥವಳೊಬ್ಬಳು ಮಸೂರ ಹಿಡಿದರೆ ಸಿಕ್ಕಿಬೀಳುತ್ತದೆ ಎನ್ನುವುದಷ್ಟೇ. ಅವಳು ಬೆಂಚಿನ ಮೇಲೆ ಸರಿದು ಅಪ್ಪನ ಎಡಕ್ಕೆ ಕೂತಳು. ಕೂತ ಮೇಲೆ ಎಲ್ಲಿ ಕೂತೆನೆಂದು ಗೊತ್ತಾಯಿತು, ಆದರೂ ಏಳಲಿಲ್ಲ. "ಆ ನೋಟೀಸು ಬಂದಿದ್ದು ನನ್ನಿಂದ ಅಪ್ಪ" ಎಂದಳು, ಎದುರಿನ ಗೋಡೆ ನೋಡುತ್ತ. "ನಾನು ಅವತ್ತು ಹೆಸರಿಗೆ ಹಾಕಿದ ಗೀಟಿನಿಂದ. ನೀನು ಹೇಳಿದ್ದೇ ಸರಿಯಿತ್ತು. ಅಜ್ಜನದೂ ಸರಿಯಿತ್ತು. ತಪ್ಪು ಮಾಡಿದ್ದು ನಾನೊಬ್ಬಳೇ." ಅಪ್ಪ, ಆ ಕಡೆಯಿಂದ ಯಾರು ಮಾತಾಡಿದರೂ ಮಾಡುವ ಹಾಗೆ, ತಲೆಯಾಡಿಸಿ "ಹೂಂ, ಹೂಂ" ಎಂದರು. ಸೀರೆಯ ತುಂಡನ್ನು ಮತ್ತೆ ಸುತ್ತತೊಡಗಿದರು.

ತನಿಖಾಧಿಕಾರಿ ಅವಳಿಗಿಂತ ಹತ್ತು ವರ್ಷ ದೊಡ್ಡವಳಿರಬಹುದಾದ ಹೆಂಗಸು. ಮೇಜಿನ ಮೇಲೆ ಕಾಲು ಮುರಿದ ಕನ್ನಡಕವನ್ನು ದಾರದಿಂದ ಕಟ್ಟಿಟ್ಟಿದ್ದಳು. ದಿನಕ್ಕೆ ನಲವತ್ತು ಅಜ್ಜಂದಿರನ್ನು ನೋಡಿ ಅವಳ ಕಣ್ಣುಗಳ ಕೆಳಗೆ ಕಪ್ಪಾಗಿತ್ತು. ಅಚ್ಚಿನ ಪುಸ್ತಕವನ್ನೂ ಇಕ್ಕಳವನ್ನೂ ಪಕ್ಕಪಕ್ಕದಲ್ಲಿಟ್ಟು, ಒಂದೇ ನೋಟಕ್ಕೆ, "ಇಲ್ಲಿ ದ, ಅಲ್ಲಿ ಧ. ನಿಮ್ಮ ಸಾಕ್ಷಿ ನಿಮ್ಮ ವಿರುದ್ಧವೇ ಹೇಳ್ತಿದೆಯಲ್ರೀ" ಎಂದಳು. ಅವಳು ತನ್ನ ಮಸೂರವನ್ನು ಅಧಿಕಾರಿಯ ಮುಂದಕ್ಕೆ ಸರಿಸಿದಳು. ವೃತ್ತದ ಕಡಿತ ತೋರಿಸಿದಳು, ದುಂಡನೆಯ ಅಂಚು ತೋರಿಸಿದಳು, ಕರಿ ಪದರ ತೋರಿಸಿದಳು, ಎದ್ದ ಸಿಪ್ಪೆಯನ್ನು ಅಧಿಕಾರಿಯ ಉಗುರಿನಿಂದಲೇ ಮುಟ್ಟಿಸಿದಳು. ಅವಳ ದನಿ ಪ್ರಯೋಗಾಲಯದ ದನಿಯಾಗಿತ್ತು, ಎಲ್ಲೂ ನಡುಗಲಿಲ್ಲ. ಅಪ್ಪ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತು, ಅರ್ಥವಾಗದ ಭಾಷೆಯ ಪೂಜೆ ಕೇಳುವವರಂತೆ ಕೈ ಕಟ್ಟಿಕೊಂಡಿದ್ದರು. ಅಧಿಕಾರಿ ಬಹಳ ಹೊತ್ತು ಮಸೂರದಿಂದ ಕಣ್ಣು ತೆಗೆಯಲಿಲ್ಲ.

"ಸರಿ" ಎಂದಳು ಕೊನೆಗೆ. "ಸೀಳು ಆಮೇಲಿನದು. ಒಪ್ಪಿದೆ. ಅಲ್ಲಿಗೆ ಅಚ್ಚು ಆ ಮೊದಲನೆಯವನದೇ, ಇಕ್ಕಳವೂ ಅವನದೇ, ಮನೆಯೂ ಅವನದೇ. ನಮೂನೇಲಿ ಧ ಅಂತ ಇರೋದು ಬರೆದೋರ ತಪ್ಪು, ಅದನ್ನ ನಾನೇ ತಿದ್ದಬಹುದು. ಆದರೆ ಇದು ಬರೀ ಕೈತಪ್ಪು ಅಲ್ಲವಲ್ಲ." ಅಧಿಕಾರಿ ಇಕ್ಕಳವನ್ನು ಬೆರಳಿಂದ ತಟ್ಟಿದಳು. "ಗುರುತು ಇರೋ ವಸ್ತು ತಿದ್ದಿದಾರೆ. ಯಾವಾಗ ತಿದ್ದಿದ್ರು, ಯಾಕೆ ತಿದ್ದಿದ್ರು, ಅದು ನನಗೆ ಬೇಡ. ಸಾಕ್ಷಿ ತಿದ್ದಿದೋರಿಗೆ ಪಟ್ಟಿಯಲ್ಲಿ ಜಾಗ ಇಲ್ಲ, ನಿಯಮ ಅಷ್ಟೇ. ತಿದ್ದಿದೋರಿಗೆ ಮಾತ್ರ. ಮನೆಯ ಉಳಿದೋರಿಗೆ ತೊಂದರೆ ಇಲ್ಲ. ಯಾರು ಸೀಳಿದ್ದು ಅಂತ ಬರಹದಲ್ಲಿ ಕೊಡಿ, ನಾನು ಫೈಲು ಮುಚ್ತೀನಿ. ಕೊಡದಿದ್ರೆ ಮೂವರದ್ದೂ ಹೋಗತ್ತೆ. ನಾಲ್ಕೂವರೆಗೆ ಕಚೇರಿ ಮುಚ್ಚತ್ತೆ, ಇನ್ನು ಹನ್ನೆರಡು ನಿಮಿಷ ಇದೆ."

ಗೆರೆಯಿರುವ ಬಿಳಿ ಹಾಳೆಯೊಂದನ್ನು ಅಧಿಕಾರಿ ಅವಳ ಮುಂದಿಟ್ಟಳು. ಮೇಲೆ 'ಹೇಳಿಕೆ' ಎಂದು ಅಚ್ಚಾಗಿತ್ತು. ಅಪ್ಪ ಹಾಳೆಯನ್ನು ನೋಡಿದ ಕೂಡಲೇ ಕುರ್ಚಿಯಲ್ಲಿ ನೆಟ್ಟಗಾದರು. ಈ ಭಾಗ ಅವರಿಗೆ ಗೊತ್ತಿತ್ತು. "ಮೇಡಂ, ಮಗಳೇ ಬರೀತಾಳೆ. ಇವಳ ಅಕ್ಷರ ನೋಡಿ ನೀವು" ಎಂದು, ಆಮೇಲೆ ಅವಳ ಕಡೆ ಬಗ್ಗಿ, ಎಲ್ಲರಿಗೂ ಕೇಳಿಸುವ ಪಿಸುದನಿಯಲ್ಲಿ, "ದೈರ್ಯವಾಗಿ ಬರಿ" ಎಂದರು. ಈ ಸಲ ಅವಳು ತಿದ್ದಲಿಲ್ಲ. ಅಪ್ಪ ಸೀಳಿದ ಇಕ್ಕಳ ಮೇಜಿನ ಮೇಲೆ ಬಾಯಿ ತೆರೆದು ಮಲಗಿತ್ತು. ಮೂವತ್ತು ದಿನ ಎಂದರೆ ಮುಂದಿನ ತಿಂಗಳ ಹತ್ತು. ಅವಳು ಪೆನ್ನಿನ ಮುಚ್ಚಳ ತೆಗೆದು, ಪರೀಕ್ಷಾ ವರದಿ ಬರೆಯುವ ಕ್ರಮದಲ್ಲಿಯೇ, ಎಡಕ್ಕೆ ಎರಡು ಬೆರಳು ಅಂಚು ಬಿಟ್ಟು ಬರೆದಳು.

ಒಂದು: ಇಕ್ಕಳದ ಮೇಲಿನ ವೃತ್ತ ಮತ್ತು ದ ಅಕ್ಷರ, ಕಾದ ಕಬ್ಬಿಣದ ಮೇಲೆ ಒಂದೇ ಏಟಿಗೆ ಬಿದ್ದವು, ಅವು ನೋಂದಣಿ ಪುಸ್ತಕದ ನಲವತ್ತೊಂದನೆಯ ಅಚ್ಚಿನವು. ಎರಡು: ಅಕ್ಷರದ ಹೊಟ್ಟೆಯಲ್ಲಿರುವ ಸೀಳು, ತಣ್ಣನೆಯ ಕಬ್ಬಿಣದ ಮೇಲೆ, ಬೇರೊಂದು ಉಪಕರಣದಿಂದ, ಒಂಬತ್ತು ವರ್ಷಗಳ ಹಿಂದೆ ಆದದ್ದು. ಮೂರು: ಸೀಳಿದವಳು ನಾನು.